ಹಿಪ್‌ಹಾಪ್‌ನಲ್ಲಿ ಮಿಕ್ಸ್‌ಟೇಪ್‌ಗೆ ಆಲ್ಬಮ್‌ನಷ್ಟೇ ತೂಕ ಕೊಡಬೇಕೆ?

ಪ್ರಶ್ನೆ: ಮಾತ್ರೆಗಣ

ಎಲ್ಲರಿಗೂ ನಮಸ್ಕಾರ. ಹಿಪ್‌ಹಾಪ್ ಸಂಗೀತವನ್ನು ಹೊಸದಾಗಿ ಕೇಳಲು ತೊಡಗಿದವರಿಗೆಂದು ನಾವು ಕೆಲವು ಗೆಳೆಯರು ಸೇರಿ ಒಂದು ಪಟ್ಟಿ ಸಿದ್ಧಪಡಿಸುತ್ತಿದ್ದೇವೆ. ಒಬ್ಬ ರ‍್ಯಾಪರ್‌ಗೆ ಒಂದೇ ಕೃತಿ ಎಂಬುದು ನಾವು ಹಾಕಿಕೊಂಡ ನಿಯಮ. ನಾಸ್ ಅವರ ಹೆಸರಿನ ಮುಂದೆ 1994ರ ‘ಇಲ್‌ಮ್ಯಾಟಿಕ್’ ಎಂದು ಬರೆದಾಗಲೂ, ಕೆಂಡ್ರಿಕ್ ಲಮಾರ್ ಅವರ ಹೆಸರಿನ ಮುಂದೆ 2012ರ ‘ಗುಡ್ ಕಿಡ್, ಮ್ಯಾಡ್ ಸಿಟಿ’ ಎಂದು ಬರೆದಾಗಲೂ ಯಾರೂ ತಕರಾರು ತೆಗೆಯಲಿಲ್ಲ. ಲಿಲ್ ವೇಯ್ನ್ ಅವರ ಸರದಿ ಬಂದಾಗ ಮಾತ್ರ ಪಟ್ಟಿ ಮುಂದೆ ಸರಿಯದಾಯಿತು.

ನನ್ನ ಆಯ್ಕೆ 2008ರ ಜೂನ್‌ನಲ್ಲಿ ಬಂದ ‘ದ ಕಾರ್ಟರ್ 3’. ಅಮೆರಿಕದಲ್ಲಿ ಮೊದಲ ವಾರವೇ ಹತ್ತು ಲಕ್ಷಕ್ಕೂ ಮೇಲ್ಪಟ್ಟು ಪ್ರತಿಗಳು ಮಾರಾಟವಾದ ಆಲ್ಬಮ್ ಅದು. ಗೆಳೆಯರೊಬ್ಬರು ಅದನ್ನು ಒಪ್ಪುತ್ತಿಲ್ಲ. ಅದಕ್ಕೂ ಒಂದು ವರ್ಷ ಮೊದಲು, 2007ರ ಏಪ್ರಿಲ್‌ನಲ್ಲಿ, ಅಂತರ್ಜಾಲದಲ್ಲಿ ಪುಕ್ಕಟೆಯಾಗಿ ಹಂಚಿಕೆಯಾದ ‘ದ ಡ್ರೌಟ್ 3’ ಎಂಬ ಎರಡು ಡಿಸ್ಕ್‌ಗಳ ಮಿಕ್ಸ್‌ಟೇಪೇ (ಅಧಿಕೃತ ಆಲ್ಬಮ್ ಎನಿಸದ ಹಾಡುಗಳ ಸಂಕಲನ) ವೇಯ್ನ್ ಅವರ ಶಿಖರವೆಂದು ಅವರ ವಾದ. ಹುಡುಕಿ ಕೇಳಿದೆ. ಮಾತಿನ ಚುರುಕು, ಪ್ರಾಸದ ಮೇಲಿನ ಹಿಡಿತ, ಎಡೆಬಿಡದ ಹಾಸ್ಯ ಇವೆಲ್ಲ ಇವೆ ಎಂಬುದನ್ನು ಅಲ್ಲಗಳೆಯಲಾರೆ. ಆದರೆ ಅದರಲ್ಲಿನ ಬೀಟ್‌ಗಳು, ಅಂದರೆ ಮಾತಿನ ಹಿಂದೆ ನುಡಿಯುವ ಸಂಗೀತ, ಹೆಚ್ಚುಕಡಿಮೆ ಎಲ್ಲವೂ ಅಂದಿನ ಬೇರೆ ಕಲಾವಿದರ ಜನಪ್ರಿಯ ಹಾಡುಗಳಿಂದ ಎತ್ತಿಕೊಂಡವು. ಒಂದು ಹಾಡಿನ ಅರ್ಧಭಾಗ ಇನ್ನೊಬ್ಬರ ಸ್ವತ್ತಾಗಿರುವಾಗ ಅದನ್ನು ಒಬ್ಬ ಕಲಾವಿದನ ಶ್ರೇಷ್ಠ ಕೃತಿ ಎಂದು ಹೇಗೆ ಕರೆಯುವುದು? ಮಿಕ್ಸ್‌ಟೇಪ್‌ಗಳ ಬಗೆಗಿನ ಈ ಹೊಗಳಿಕೆಯಲ್ಲಿ, ಆ ದಿನಗಳಲ್ಲಿ ಅವನ್ನು ಡೌನ್‌ಲೋಡ್ ಮಾಡಿ ಕೇಳಿದವರ ಹಳೆಯ ನೆನಪಿನ ಪಾಲು ಎಷ್ಟು, ನಿಜವಾದ ಕಲಾಗುಣದ ಪಾಲು ಎಷ್ಟು ಎಂಬುದನ್ನು ಬಲ್ಲವರು ತಿಳಿಸಿಕೊಡಬೇಕಾಗಿ ವಿನಂತಿ.

ಉತ್ತರ: ಅಡ್ಡಪಲ್ಲವಿ

ಎರಡರ ನಡುವಿನ ವ್ಯತ್ಯಾಸವನ್ನು ಕೇವಲ ಹಾಡುಗಳ ಗುಣದಲ್ಲಿ ಹುಡುಕಿದರೆ ಕೈಗೆ ಸಿಗಲಾರದು. ಯಾರ ಸ್ವತ್ತನ್ನು ಬಳಸಿ, ಯಾರ ದುಡ್ಡಿನಲ್ಲಿ, ಯಾರ ಅಪ್ಪಣೆ ಪಡೆದು ಆ ಹಾಡು ಹೊರಬಂತು ಎಂಬುದನ್ನು ಮೊದಲು ನೋಡಬೇಕು.

1991ರಲ್ಲಿ ನ್ಯೂಯಾರ್ಕ್‌ನ ಫೆಡರಲ್ ನ್ಯಾಯಾಲಯದಲ್ಲಿ ಬಿಜ್ ಮಾರ್ಕಿ ಎಂಬ ರ‍್ಯಾಪರ್ ವಿರುದ್ಧ ಒಂದು ಪ್ರಕರಣ ತೀರ್ಮಾನವಾಯಿತು. ಗಿಲ್ಬರ್ಟ್ ಓ’ಸಲಿವನ್ ಅವರ ಹಾಡೊಂದರ ತುಣುಕನ್ನು ಅನುಮತಿಯಿಲ್ಲದೆ ಬಳಸಿದ್ದಕ್ಕಾಗಿ ನಡೆದ ಆ ಪ್ರಕರಣದಲ್ಲಿ, ನ್ಯಾಯಾಧೀಶ ಕೆವಿನ್ ಡಫಿ ಅವರು ‘ಕದಿಯಬಾರದು’ ಎಂಬ ಬೈಬಲ್‌ನ ಆಜ್ಞೆಯಿಂದಲೇ ತಮ್ಮ ತೀರ್ಪನ್ನು ಆರಂಭಿಸಿದರು. ಅಲ್ಲಿಂದ ಮುಂದೆ, ಅಂಗಡಿಗೆ ಹೋಗುವ ಪ್ರತಿಯೊಂದು ಆಲ್ಬಮ್‌ನ ಪ್ರತಿಯೊಂದು ಸ್ಯಾಂಪಲ್‌ಗೂ (ಬೇರೆ ಹಾಡಿನಿಂದ ತೆಗೆದುಕೊಂಡ ತುಣುಕಿಗೂ) ಮುಂಚಿತವಾಗಿ ಅನುಮತಿ ಪಡೆಯುವುದು, ಅದಕ್ಕೆ ಹಣ ತೆರುವುದು, ಅನುಮತಿ ಸಿಗದಿದ್ದರೆ ಹಾಡನ್ನೇ ಕೈಬಿಡುವುದು ಲೇಬಲ್‌ಗಳ, ಅಂದರೆ ಆಲ್ಬಮ್ ಹೊರತರುವ ಸಂಸ್ಥೆಗಳ, ವಾಡಿಕೆಯಾಯಿತು. 1989ರಲ್ಲಿ ಬಂದ ಡಿ ಲಾ ಸೋಲ್ ತಂಡದ ಮೊದಲ ಆಲ್ಬಮ್ ಸ್ಟ್ರೀಮಿಂಗ್ ಸೇವೆಗಳಿಗೆ ಬಂದದ್ದು 2023ರ ಮಾರ್ಚ್‌ನಲ್ಲಿ ಎಂಬುದನ್ನು ನೋಡಿದರೆ ಈ ಹಕ್ಕುಗಳ ಸಿಕ್ಕು ಎಂಥದ್ದೆಂದು ತಿಳಿಯುತ್ತದೆ. ಮಿಕ್ಸ್‌ಟೇಪ್ ಈ ವ್ಯವಸ್ಥೆಯ ಹೊರಗೆ ಬೆಳೆಯಿತು. ‘ಪ್ರಚಾರಕ್ಕೆ ಮಾತ್ರ, ಮಾರಾಟಕ್ಕಲ್ಲ’ ಎಂಬ ತೆಳು ಪರದೆಯ ಹಿಂದೆ, ತುಣುಕನ್ನಷ್ಟೇ ಏಕೆ, ಇನ್ನೊಬ್ಬರ ಇಡೀ ಬೀಟನ್ನೇ ಎತ್ತಿಕೊಂಡು ಅದರ ಮೇಲೆ ಹೊಸ ಸಾಲುಗಳನ್ನು ಕಟ್ಟುವ ಪದ್ಧತಿ ಅಲ್ಲಿ ಬೇರೂರಿತು.

ನಿಮ್ಮ ಆಕ್ಷೇಪಕ್ಕೆ ಉತ್ತರವಿರುವುದು ಇಲ್ಲಿಯೇ. ಕಚೇರಿಯಲ್ಲಿ ಎಲ್ಲರೂ ಬಲ್ಲ ಕೃತಿಯ ಒಂದು ಸಾಲನ್ನು ಹಿಡಿದು ವಿದ್ವಾಂಸರು ಸ್ವರಪ್ರಸ್ತಾರ ಮಾಡುವಾಗ, ಆ ಸಾಲು ತ್ಯಾಗರಾಜರದ್ದು ಎಂಬ ಕಾರಣಕ್ಕೆ ಹಾಡುವವರ ಮನೋಧರ್ಮವನ್ನು ಯಾರೂ ಕಡಿಮೆಗಟ್ಟುವುದಿಲ್ಲ. ಆ ಸಾಲು ಕೇಳುಗರಿಗೆ ಮೊದಲೇ ಗೊತ್ತಿರುವುದರಿಂದಲೇ ಹೊಸದೇನಾಯಿತು ಎಂಬುದನ್ನು ಅಳೆಯಲು ಬರುತ್ತದೆ. ‘ದ ಡ್ರೌಟ್ 3’ರಲ್ಲಿ ಬಿಯಾನ್ಸೆ ಅವರ ‘ಅಪ್‌ಗ್ರೇಡ್ ಯು’ ಬೀಟ್ ಕೇಳಿಬಂದ ಕೂಡಲೇ 2007ರ ಕೇಳುಗನ ಕಿವಿಯಲ್ಲಿ ಮೂಲ ಹಾಡು ಎದ್ದು ನಿಲ್ಲುತ್ತಿತ್ತು. ವೇಯ್ನ್ ಆ ಮೂಲದ ಜೊತೆ ಬಹಿರಂಗವಾಗಿ ಪಂದ್ಯಕ್ಕಿಳಿಯುತ್ತಿದ್ದರು. ‘ಸ್ಕೈ ಈಸ್ ದ ಲಿಮಿಟ್’ ಇನ್ನೂ ಒಳ್ಳೆಯ ಉದಾಹರಣೆ. ಅದರ ಬೀಟ್ ಹೂಸ್ಟನ್‌ನ ಮೈಕ್ ಜೋನ್ಸ್ ಅವರ ‘ಮಿಸ್ಟರ್ ಜೋನ್ಸ್’ ಹಾಡಿನದು. ಇಂದು ಆ ಬೀಟ್ ಕೇಳಿದರೆ ಬಹುಪಾಲು ಜನರಿಗೆ ನೆನಪಾಗುವುದು ವೇಯ್ನ್ ಅವರ ಸಾಲುಗಳೇ ಹೊರತು ಮೂಲ ಹಾಡಲ್ಲ.

ಇನ್ನೊಂದು ಲಾಭವೂ ಇತ್ತು. ರೇಡಿಯೊಗೆ ಒಪ್ಪುವ ಪಲ್ಲವಿ ಬೇಕು, ಹೆಂಗಸರಿಗೆಂದು ಒಂದು ಹಾಡು ಬೇಕು, ಲೇಬಲ್‌ನ ಇನ್ನೊಬ್ಬ ಕಲಾವಿದರಿಗೆ ಒಂದು ಚರಣ ಬಿಟ್ಟುಕೊಡಬೇಕು ಎಂಬಂಥ ಒತ್ತಾಯಗಳು ಮಿಕ್ಸ್‌ಟೇಪ್‌ನಲ್ಲಿ ಇರಲಿಲ್ಲ. ಪಲ್ಲವಿಯನ್ನೇ ಬಿಟ್ಟು ಬೀಟ್ ಮುಗಿಯುವವರೆಗೂ ಒಂದೇ ಉಸಿರಿನಲ್ಲಿ ಹಾಡುವ ರೂಢಿ ವೇಯ್ನ್ ಅವರಿಗೆ ಅಲ್ಲಿಯೇ ಕೈಗೂಡಿತು. ನೀವು ಮೆಚ್ಚುವ ‘ದ ಕಾರ್ಟರ್ 3’ರ ‘ಎ ಮಿಲಿ’ಯನ್ನು ಮತ್ತೊಮ್ಮೆ ಕೇಳಿ ನೋಡಿ. ಅದರಲ್ಲಿ ಎಲ್ಲರೂ ಗುನುಗುವಂಥ ಪಲ್ಲವಿಯಿಲ್ಲ. ಮರುಕಳಿಸುವ ಒಂದು ಧ್ವನಿ, ಒಂದು ಡ್ರಮ್, ಅದರ ಮೇಲೆ ಮಾತು. ಲಕ್ಷಾಂತರ ಮಾರಾಟವಾದ ಆಲ್ಬಮ್‌ನೊಳಗೆ ಕುಳಿತಿರುವ ಮಿಕ್ಸ್‌ಟೇಪ್ ಹಾಡು ಅದು.

ಇದು ವೇಯ್ನ್ ಒಬ್ಬರ ಕಥೆಯಲ್ಲ. 2000ದ ಮೇ ತಿಂಗಳಲ್ಲಿ 50 ಸೆಂಟ್ ಎಂಬ ರ‍್ಯಾಪರ್ ಮೇಲೆ ಗುಂಡಿನ ದಾಳಿಯಾದ ನಂತರ ಕೊಲಂಬಿಯಾ ಲೇಬಲ್ ಅವರನ್ನು ಕೈಬಿಟ್ಟಿತು, ಸಿದ್ಧವಾಗಿದ್ದ ಅವರ ಆಲ್ಬಮ್ ಮೂಲೆಗೆ ಬಿತ್ತು. 2002ರಲ್ಲಿ ಅವರು ಮತ್ತು ಜಿ-ಯೂನಿಟ್ ಸಂಗಡಿಗರು ಅಂದಿನ ಹಿಟ್ ಹಾಡುಗಳ ಬೀಟ್‌ಗಳ ಮೇಲೆ ತಮ್ಮದೇ ಪಲ್ಲವಿಗಳನ್ನು ಕಟ್ಟಿ ಸಾಲುಸಾಲಾಗಿ ಮಿಕ್ಸ್‌ಟೇಪ್‌ಗಳನ್ನು ಹೊರತಂದರು. ಅದೇ ವರ್ಷ ಎಮಿನೆಮ್ ಮತ್ತು ಡಾ. ಡ್ರೆ ಅವರನ್ನು ತಮ್ಮ ಲೇಬಲ್‌ಗಳಿಗೆ ಸೇರಿಸಿಕೊಂಡರು. 2003ರ ಫೆಬ್ರುವರಿಯಲ್ಲಿ ಬಂದ ‘ಗೆಟ್ ರಿಚ್ ಆರ್ ಡೈ ಟ್ರೈಯಿಂಗ್’ ಮೊದಲ ವಾರದಲ್ಲಿ 8,72,000 ಪ್ರತಿ ಮಾರಾಟವಾಯಿತು. ಮಿಕ್ಸ್‌ಟೇಪ್‌ಗಳು ಮೊದಲೇ ಬೀದಿಯನ್ನು ಗೆದ್ದಿರದಿದ್ದರೆ ಆ ಸಂಖ್ಯೆ ಬರುತ್ತಿತ್ತೆಂದು ನನಗೆ ಅನಿಸುವುದಿಲ್ಲ.

ಲೇಬಲ್‌ಗಳಿಗೂ ಇದು ಚೆನ್ನಾಗಿ ಗೊತ್ತಿತ್ತು. ತಮ್ಮ ಕಲಾವಿದರ ಹಾಡುಗಳನ್ನು ಡಿಜೆಗಳ ಕೈಗೆ ತಾವೇ ತಲುಪಿಸುತ್ತಿದ್ದವು. ಹಾಗಿದ್ದೂ 2007ರ ಜನವರಿ 16ರಂದು, ಧ್ವನಿಮುದ್ರಣ ಉದ್ಯಮದ ಸಂಘದ ನೆರವಿನೊಂದಿಗೆ ಪೊಲೀಸರು ಅಟ್ಲಾಂಟಾದಲ್ಲಿ ಡಿಜೆ ಡ್ರಾಮಾ ಮತ್ತು ಡಾನ್ ಕ್ಯಾನನ್ ಅವರ ಸ್ಟುಡಿಯೊ ಮೇಲೆ ದಾಳಿ ನಡೆಸಿ, ಸುಮಾರು 81,000 ಸಿ.ಡಿ.ಗಳನ್ನು ವಶಪಡಿಸಿಕೊಂಡರು. ಸಂಘಟಿತ ಅಪರಾಧಕ್ಕೆಂದು ಇರುವ ಕಾನೂನಿನಡಿ ಅವರಿಬ್ಬರನ್ನೂ ಬಂಧಿಸಲಾಯಿತು. ವೇಯ್ನ್ ಅವರ ‘ಡೆಡಿಕೇಶನ್’ ಸರಣಿಯನ್ನು ನಡೆಸಿಕೊಟ್ಟವರು ಇದೇ ಡ್ರಾಮಾ. ‘ದ ಡ್ರೌಟ್ 3’ ಹೊರಬಂದದ್ದು ಆ ದಾಳಿ ನಡೆದ ಮೂರು ತಿಂಗಳ ಒಳಗೆ. ನಿಮ್ಮ ಗೆಳೆಯರ ಹೊಗಳಿಕೆಯಲ್ಲಿ ಆ ಹೊತ್ತಿನ ಬಿಸಿಯೂ ಸ್ವಲ್ಪ ಬೆರೆತಿರಬಹುದು, ಆದರೆ ಬರೀ ನೆನಪಿನ ಮೋಹವೆಂದು ತಳ್ಳಿಹಾಕುವಂಥದ್ದಲ್ಲ ಅದು.

ಉತ್ತರ: ಹತ್ತೇ ಹಾಡು

ಅಡ್ಡಪಲ್ಲವಿಯವರು ಇತಿಹಾಸವನ್ನು ಸರಿಯಾಗಿಯೇ ಹೇಳಿದ್ದಾರೆ. ಅದರಿಂದ ಅವರು ತಲುಪಿರುವ ತೀರ್ಮಾನದ ಬಗ್ಗೆ ಮಾತ್ರ ನನಗೆ ಭಿನ್ನಾಭಿಪ್ರಾಯವಿದೆ.

ಯಾರ ಒತ್ತಾಯವೂ ಇಲ್ಲದಿರುವುದನ್ನು ಅವರು ಲಾಭದ ಖಾತೆಗೆ ಬರೆದಿದ್ದಾರೆ. ಸಂಗೀತದಲ್ಲಿ ಅದು ಬಹಳ ಸಲ ನಷ್ಟವೇ ಆಗುತ್ತದೆ. ‘ಇಲ್‌ಮ್ಯಾಟಿಕ್’ ನಲವತ್ತು ನಿಮಿಷವೂ ಇಲ್ಲ. ಪೀಠಿಕೆಯೂ ಸೇರಿ ಹತ್ತೇ ಹಾಡು. ಡಿಜೆ ಪ್ರೀಮಿಯರ್, ಪೀಟ್ ರಾಕ್, ಕ್ಯೂ-ಟಿಪ್, ಲಾರ್ಜ್ ಪ್ರೊಫೆಸರ್ ಅವರಂಥವರು ಬೀಟ್ ಕೊಟ್ಟಿದ್ದರೂ ಇಡೀ ಆಲ್ಬಮ್ ನ್ಯೂಯಾರ್ಕ್‌ನ ಕ್ವೀನ್ಸ್‌ಬ್ರಿಡ್ಜ್ ವಸತಿ ಸಮುಚ್ಚಯದ ಒಂದೇ ಕಿಟಕಿಯಿಂದ ನೋಡಿದ ಹಾಗಿದೆ. ತಮ್ಮ ಹತ್ತಿರ ಇದ್ದದ್ದನ್ನೆಲ್ಲ ನಾಸ್ ಅದರಲ್ಲಿ ತುಂಬಿದ್ದರೆ ಮೂವತ್ತು ವರ್ಷಗಳ ನಂತರವೂ ನಾವು ಅದರ ಹೆಸರು ಹೇಳುತ್ತಿದ್ದೆವೇ? ‘ದ ಡ್ರೌಟ್ 3’ರ ಎರಡು ಡಿಸ್ಕ್‌ಗಳನ್ನು ಒಂದೇ ಬೈಠಕ್ಕಿನಲ್ಲಿ ಕೇಳಿದವರು ಪ್ರಾಮಾಣಿಕವಾಗಿ ಹೇಳಲಿ, ಎರಡನೆಯ ಡಿಸ್ಕ್‌ನ ನಡುಭಾಗದಲ್ಲಿ ಅವರ ಗಮನ ಎಲ್ಲಿತ್ತು ಎಂದು.

‘ಗುಡ್ ಕಿಡ್, ಮ್ಯಾಡ್ ಸಿಟಿ’ಯನ್ನು ಇನ್ನೊಂದು ಕಾರಣಕ್ಕೆ ಗಮನಿಸಬೇಕು. ಅದರ ಮುಖಪುಟದಲ್ಲಿಯೇ ‘ಕೆಂಡ್ರಿಕ್ ಲಮಾರ್ ಅವರ ಕಿರುಚಿತ್ರ’ ಎಂದು ಬರೆದಿದೆ. ತಾಯಿಯ ವ್ಯಾನ್ ಪಡೆದು ಹೊರಟ ಕಾಂಪ್ಟನ್‌ನ ಹುಡುಗ, ಅದನ್ನು ವಾಪಸು ತರುವಂತೆ ಫೋನಿನಲ್ಲಿ ಸಂದೇಶ ಬಿಡುವ ತಾಯಿ, ಗೆಳೆಯರ ಸಹವಾಸ, ಗುಂಡೇಟು, ಸಾವು. ಒಂದು ಹಾಡಿನ ಕೊನೆಯಲ್ಲಿ ಕೇಳಿದ ಧ್ವನಿ ಮುಂದಿನ ಹಾಡಿನ ಅರ್ಥವನ್ನೇ ಬದಲಿಸುತ್ತದೆ. ಹನ್ನೆರಡು ನಿಮಿಷಗಳ ‘ಸಿಂಗ್ ಅಬೌಟ್ ಮಿ, ಐಯಾಮ್ ಡೈಯಿಂಗ್ ಆಫ್ ಥರ್ಸ್ಟ್’ ಅನ್ನು ಪ್ರತ್ಯೇಕವಾಗಿ ಕೇಳಿದವರಿಗೆ ಅದು ಒಳ್ಳೆಯ ಹಾಡು ಅಷ್ಟೇ; ಮೊದಲಿನಿಂದ ಕೇಳುತ್ತಾ ಬಂದವರಿಗೆ ಅದು ಎದೆಗೆ ಬೀಳುವ ಪೆಟ್ಟು. ಇಂಥ ಕಟ್ಟಡವನ್ನು ಎರವಲು ಬೀಟ್‌ಗಳ ಮೇಲೆ ಎಬ್ಬಿಸಲಾಗದು. ಎರವಲು ಬೀಟ್ ತನ್ನ ಹಿಂದಿನ ಹಾಡಿನ ನೆನಪನ್ನು ಹೊತ್ತುಕೊಂಡೇ ಬರುತ್ತದೆ. ಪಂದ್ಯಕ್ಕೆ ಆ ನೆನಪು ಅನುಕೂಲ, ಕಥೆಗೆ ಅಡ್ಡಿ.

ಕೆಂಡ್ರಿಕ್ ಅವರೂ ಮಿಕ್ಸ್‌ಟೇಪ್ ದಾರಿಯಲ್ಲಿ ಬಂದವರೇ. 2009ರ ಆರಂಭದಲ್ಲಿ ಅವರು ಹೊರತಂದ ‘ಸಿ4’ ಎಂಬ ಮಿಕ್ಸ್‌ಟೇಪ್‌ನ ಬೀಟ್‌ಗಳು ಬಹುಮಟ್ಟಿಗೆ ಇದೇ ‘ದ ಕಾರ್ಟರ್ 3’ರಿಂದ ತೆಗೆದುಕೊಂಡವು. ವೇಯ್ನ್ ಅವರ ಧಾಟಿಯನ್ನು ಅನುಕರಿಸುತ್ತಿರುವ ಪ್ರತಿಭಾವಂತ ಯುವಕನೊಬ್ಬ ಅಲ್ಲಿ ಕೇಳಿಸುತ್ತಾನೆ. ಅದನ್ನು ಇಂದು ಕೇಳುವವರು ಕೆಂಡ್ರಿಕ್ ಅವರ ಬಗ್ಗೆ ಸಂಶೋಧನೆ ಮಾಡುವವರು ಮಾತ್ರ. 2018ರಲ್ಲಿ ಅವರಿಗೆ ಸಂಗೀತದ ಪುಲಿಟ್ಜರ್ ಪ್ರಶಸ್ತಿ ತಂದುಕೊಟ್ಟದ್ದು ‘ಡ್ಯಾಮ್’ ಆಲ್ಬಮ್.

ಇನ್ನೊಂದು ಮಾತು. ‘ಡ್ಯಾಟ್‌ಪಿಫ್’ ತಾಣ 2005ರಲ್ಲಿ ಶುರುವಾದ ಮೇಲೆ ಯಾರು ಬೇಕಾದರೂ ಮಿಕ್ಸ್‌ಟೇಪನ್ನು ಜನರ ಮುಂದಿಡುವಂತಾಯಿತು. ಹಾಗೆ ಬಂದ ರಾಶಿಯಲ್ಲಿ ನಾವು ಇಂದು ನೆನೆಯುವುದು ಬೆರಳೆಣಿಕೆಯಷ್ಟನ್ನು. ಮಿಕ್ಸ್‌ಟೇಪ್‌ಗಳ ಆ ಕೆನೆಯನ್ನು ತಂದು ಆಲ್ಬಮ್‌ಗಳ ಸರಾಸರಿಯ ಪಕ್ಕದಲ್ಲಿ ಇಟ್ಟು ತೂಗುವುದು ನ್ಯಾಯವಲ್ಲ.

ಉತ್ತರ: ನಿಧಾನಗತಿ

ಇಬ್ಬರೂ ರ‍್ಯಾಪರ್‌ಗಳನ್ನಷ್ಟೇ ಮುಂದಿಟ್ಟುಕೊಂಡು ಮಾತನಾಡುತ್ತಿದ್ದೀರಿ. ಮಿಕ್ಸ್‌ಟೇಪ್ ಮೊದಲು ಡಿಜೆಗಳ ಕೃತಿಯಾಗಿತ್ತು ಎಂಬುದನ್ನು ಬಿಟ್ಟರೆ ಈ ಚರ್ಚೆ ಒಂದು ಕಾಲಿನ ಮೇಲೆ ನಿಲ್ಲಬೇಕಾಗುತ್ತದೆ.

1973ರ ಆಗಸ್ಟ್ 11ರಂದು ಬ್ರಾಂಕ್ಸ್‌ನಲ್ಲಿ ಡಿಜೆ ಕೂಲ್ ಹರ್ಕ್ ನಡೆಸಿದ ಕೂಟವನ್ನು ಹಿಪ್‌ಹಾಪ್‌ನ ಆರಂಭವೆಂದು ಎಲ್ಲರೂ ಒಪ್ಪುತ್ತಾರೆ. ‘ರ‍್ಯಾಪರ್ಸ್ ಡಿಲೈಟ್’ ಹಾಡಿನ ಗ್ರಾಮಫೋನ್ ತಟ್ಟೆ ಬಂದು ಈ ಸಂಗೀತ ನಾಡಿಗೆಲ್ಲ ತಿಳಿದದ್ದು 1979ರಲ್ಲಿ. ನಡುವಿನ ಆರು ವರ್ಷಗಳಲ್ಲಿ ಅದು ಕೂಟಗಳಲ್ಲಿತ್ತು, ಕೂಟಗಳಲ್ಲಿ ಮುದ್ರಿಸಿಕೊಂಡ ಕ್ಯಾಸೆಟ್‌ಗಳಲ್ಲಿತ್ತು. ಆ ಕ್ಯಾಸೆಟ್‌ಗಳು ಕೈಯಿಂದ ಕೈಗೆ ದಾಟಿದವು, ಟ್ಯಾಕ್ಸಿಗಳಲ್ಲಿ ಮೊಳಗಿದವು. ಹಿಪ್‌ಹಾಪ್ ಪಾಲಿಗೆ ಕ್ಯಾಸೆಟ್ ಹಿರಿಯದು, ಆಲ್ಬಮ್ ಆಮೇಲಿನ ಬೆಳವಣಿಗೆ. ಮುಂದೆ ಹಾರ್ಲೆಮ್‌ನಲ್ಲಿ ಬ್ರೂಸಿ ಬಿ ಮತ್ತು ಕಿಡ್ ಕಪ್ರಿ, ಅವರ ನಂತರ ಒಂದು ಹಾಡಿನ ಗಾಯನವನ್ನು ಮತ್ತೊಂದು ಹಾಡಿನ ಬೀಟ್ ಮೇಲೆ ಕೂರಿಸುತ್ತಿದ್ದ ರಾನ್ ಜಿ, ಬಿಡುಗಡೆಯಾಗದ ಹಾಡುಗಳನ್ನು ಮೊದಲು ತಂದುಕೊಡುತ್ತಿದ್ದ ಡಿಜೆ ಕ್ಲೂ ಇವರೆಲ್ಲರೂ ಕ್ಯಾಸೆಟ್‌ನಿಂದಲೇ ಹೆಸರಾದವರು. ಇವರ ಕೆಲಸವನ್ನು ಯಾವ ಆಲ್ಬಮ್‌ನ ಜೊತೆ ಹೋಲಿಸುತ್ತೀರಿ?

ನಾನಿರುವುದು ಹೂಸ್ಟನ್‌ನಲ್ಲಿ. ಈ ಊರಿನ ಹಿಪ್‌ಹಾಪ್ ಎಂದರೆ ಇಂದಿಗೂ ಡಿಜೆ ಸ್ಕ್ರೂ. 1990ರ ದಶಕದಲ್ಲಿ ಅವರು ಹಾಡುಗಳ ವೇಗವನ್ನು ತಗ್ಗಿಸಿ, ಪದಗಳನ್ನು ಕತ್ತರಿಸಿ, ಸಾಲುಗಳನ್ನು ಮರುಕಳಿಸಿ ಬೂದು ಬಣ್ಣದ ಕ್ಯಾಸೆಟ್‌ಗಳಲ್ಲಿ ಮುದ್ರಿಸಿ ಮನೆಯಿಂದಲೇ ಮಾರುತ್ತಿದ್ದರು. ಸಂಜೆಯಾದರೆ ಕೊಳ್ಳುವವರ ಕಾರುಗಳು ಸಾಲುಗಟ್ಟುತ್ತಿದ್ದವು. 1996ರಲ್ಲಿ ಸಂಗಡಿಗರೊಬ್ಬರ ಹುಟ್ಟುಹಬ್ಬದ ನೆಪದಲ್ಲಿ ಮುದ್ರಿಸಿದ ‘ಜೂನ್ 27’ ಕ್ಯಾಸೆಟ್‌ನಲ್ಲಿ, ಕ್ರಿಸ್ ಕ್ರಾಸ್ ಜೋಡಿಯ ಒಂದು ಬೀಟನ್ನು ನಿಧಾನಗೊಳಿಸಿ, ಅದರ ಮೇಲೆ ಊರಿನ ರ‍್ಯಾಪರ್‌ಗಳು ಒಬ್ಬರಾದ ಮೇಲೆ ಒಬ್ಬರು ಅರ್ಧ ಗಂಟೆಗೂ ಹೆಚ್ಚು ಕಾಲ ಸ್ಥಳದಲ್ಲೇ ಕಟ್ಟಿ ಹಾಡಿದ್ದಾರೆ. ಹತ್ತೇ ಹಾಡು ಅವರು ಹೇಳುವ ಕತ್ತರಿಯನ್ನು ಅದಕ್ಕೆ ಹಾಕಿದರೆ ಉಳಿಯುವುದು ನಾಲ್ಕು ನಿಮಿಷದ ಸಾಮಾನ್ಯ ಹಾಡು. ಅದರ ಸೊಗಸು ಇರುವುದೇ ಆ ಉದ್ದದಲ್ಲಿ, ಸರದಿಗಾಗಿ ಕಾಯುವವರ ನಗುವಿನಲ್ಲಿ, ತಡವರಿಸಿ ಮತ್ತೆ ಲಯಕ್ಕೆ ಬರುವ ಧ್ವನಿಗಳಲ್ಲಿ. ಸ್ಕ್ರೂ 2000ದ ನವೆಂಬರ್‌ನಲ್ಲಿ, 29ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ ತಟ್ಟೆಗಳ ಸಂಗ್ರಹವನ್ನು ಹೂಸ್ಟನ್ ವಿಶ್ವವಿದ್ಯಾಲಯದ ಗ್ರಂಥಾಲಯ ಕಾಪಿಟ್ಟಿದೆ. ಪಟ್ಟಿಯಲ್ಲಿ ಅವರಿಗೆ ಜಾಗ ಕೊಡದಿರಲು ‘ಆಲ್ಬಮ್ ಅಲ್ಲ’ ಎಂಬುದೊಂದೇ ಕಾರಣವಾದರೆ, ಬದಲಾಯಿಸಬೇಕಾದದ್ದು ಪಟ್ಟಿಯ ನಿಯಮ.

ಪ್ರಶ್ನೆ ಕೇಳಿದವರಿಂದ: ಮಾತ್ರೆಗಣ

ಮೂವರಿಗೂ ಧನ್ಯವಾದಗಳು. ಒಂದು ಉಪಪ್ರಶ್ನೆ. ಚಾನ್ಸ್ ದ ರ‍್ಯಾಪರ್ ತಮ್ಮ ‘ಕಲರಿಂಗ್ ಬುಕ್’ ಅನ್ನು ಮಿಕ್ಸ್‌ಟೇಪ್ ಎಂದೇ ಕರೆದರು, ಆದರೆ ಅದಕ್ಕೆ ಅತ್ಯುತ್ತಮ ರ‍್ಯಾಪ್ ಆಲ್ಬಮ್ ಎಂಬ ಗ್ರ್ಯಾಮಿ ಬಂದಿದೆ. ಡ್ರೇಕ್ ಅವರು 2015ರಲ್ಲಿ ಮಿಕ್ಸ್‌ಟೇಪ್ ಎಂದು ಹೇಳಿಕೊಂಡು ಹೊರತಂದದ್ದನ್ನು ದುಡ್ಡಿಗೇ ಮಾರಿದರು. ಬೀಟ್‌ಗಳೂ ಅವರವೇ, ಹಕ್ಕುಗಳೂ ಪಕ್ಕಾ. ಇಂಥವನ್ನು ಯಾವ ಸಾಲಿಗೆ ಸೇರಿಸಬೇಕು? ಸ್ಟ್ರೀಮಿಂಗ್ ಆ್ಯಪ್‌ನಲ್ಲಿ ಆಲ್ಬಮ್, ಮಿಕ್ಸ್‌ಟೇಪ್ ಎರಡೂ ಒಂದೇ ರೀತಿ ಕಾಣುತ್ತವೆ.

ಉತ್ತರ: ಅಡ್ಡಪಲ್ಲವಿ

ಅಲ್ಲಿಗೆ ಬರುವ ಹೊತ್ತಿಗೆ ನಾನು ಮೇಲೆ ಹೇಳಿದ ಗಡಿ ಅಳಿಸಿಹೋಗಿತ್ತು. ಸ್ಟ್ರೀಮಿಂಗ್‌ನಲ್ಲಿ ಪುಕ್ಕಟೆ ಹಾಡಿಗೂ ದುಡ್ಡಿನ ಹಾಡಿಗೂ ಕೇಳುಗನ ಮಟ್ಟಿಗೆ ಭೇದವಿಲ್ಲ, ಕಲಾವಿದನಿಗೆ ಎರಡರಿಂದಲೂ ಒಂದಿಷ್ಟು ಹಣ ಬರುತ್ತದೆ. ಆದ್ದರಿಂದ ಎರವಲು ಬೀಟ್ ಬಳಸಿ ಆ ಹಣವನ್ನು ಕಳೆದುಕೊಳ್ಳಲು ಯಾರೂ ಸಿದ್ಧರಿಲ್ಲ. ಮಾರಾಟಕ್ಕೇ ಇರದಿದ್ದ, ಸ್ಟ್ರೀಮಿಂಗ್‌ನಲ್ಲಿ ಮಾತ್ರ ಇದ್ದ ಕೃತಿಗಳನ್ನು ಪರಿಗಣಿಸಲು ಗ್ರ್ಯಾಮಿಯವರು 2016ರ ಜೂನ್‌ನಲ್ಲಿ ನಿಯಮ ಬದಲಿಸಿದರು. ಮರುವರ್ಷ ‘ಕಲರಿಂಗ್ ಬುಕ್’ ಗೆದ್ದಿತು. ಡ್ರೇಕ್ 2017ರಲ್ಲಿ ಇನ್ನೂ ಮುಂದೆ ಹೋಗಿ ‘ಮೋರ್ ಲೈಫ್’ ಅನ್ನು ಪ್ಲೇಲಿಸ್ಟ್ ಎಂದು ಕರೆದರು. ಈ ಕಾಲದ ‘ಮಿಕ್ಸ್‌ಟೇಪ್’ ಎಂಬ ಹಣೆಪಟ್ಟಿ ಹೆಚ್ಚಾಗಿ ಒಂದು ಮುನ್ನೆಚ್ಚರಿಕೆ. ಚೆನ್ನಾಗಿದ್ದರೆ ಕೀರ್ತಿ, ಸೋತರೆ ‘ಅದು ನಮ್ಮ ಆಲ್ಬಮ್ ಅಲ್ಲವಲ್ಲ’ ಎಂಬ ಸಮಾಧಾನ.

ಭಾರತದಲ್ಲಿಯೂ ಇದೇ ಬಳಕೆ ಕಾಣುತ್ತದೆ. ದೆಹಲಿಯ ಸೀಧೆ ಮೌತ್ ಜೋಡಿ 2022ರಲ್ಲಿ ಬೀಟ್ ಕಟ್ಟುವ ಸೆಜ್ ಆನ್ ದ ಬೀಟ್ ಅವರೊಂದಿಗೆ ಸೇರಿ ‘ನಯಾಬ್’ ಎಂಬ ಬಿಗಿಯಾದ ಆಲ್ಬಮ್ ಕಟ್ಟಿದ ಮರುವರ್ಷವೇ, ಹರಟೆಯಂತೆ ಹಬ್ಬಿಕೊಳ್ಳುವ ‘ಲಂಚ್ ಬ್ರೇಕ್’ ಅನ್ನು ಮಿಕ್ಸ್‌ಟೇಪ್ ಎಂದು ಹೊರತಂದಿತು. ಬೆಂಗಳೂರಿನಿಂದ ಹೆಸರು ಮಾಡಿದ ಹನುಮಾನ್‌ಕೈಂಡ್ ಅವರ 2025ರ ‘ಮಾನ್ಸೂನ್ ಸೀಸನ್’ಗೂ ಅದೇ ಹಣೆಪಟ್ಟಿ. ಹಕ್ಕುಗಳ ಮಟ್ಟಿಗೆ ಇವು ಆಲ್ಬಮ್‌ಗಳೇ. ಕಟ್ಟುವಾಗಿನ ಸಡಿಲತೆಯಲ್ಲಿ ಮಾತ್ರ ಹಳೆಯ ಮಿಕ್ಸ್‌ಟೇಪ್‌ನ ಜಾಯಮಾನ ಉಳಿದಿದೆ.

ಹತ್ತೇ ಹಾಡು ಅವರಿಗೂ ಒಂದು ಮಾತು ಹೇಳಬೇಕಿದೆ. ನೀವು ಹೊಗಳುವ ಆಲ್ಬಮ್‌ನ ಸಂಯಮವನ್ನು ಸ್ಟ್ರೀಮಿಂಗ್ ಉಳಿಸಿಲ್ಲ. 2014ರ ಡಿಸೆಂಬರ್‌ನಿಂದ, ಆಲ್ಬಮ್‌ಗಳ ಜನಪ್ರಿಯತೆಯನ್ನು ಅಳೆಯುವ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ, ಒಂದು ಆಲ್ಬಮ್‌ನ ಹಾಡುಗಳನ್ನು ಒಟ್ಟು 1,500 ಸಲ ಕೇಳಿದರೆ ಒಂದು ಪ್ರತಿ ಮಾರಾಟವಾದಂತೆ ಎಣಿಸಲು ತೊಡಗಿದರು. ಹಾಡುಗಳು ಹೆಚ್ಚಾದಷ್ಟೂ ಎಣಿಕೆಗೆ ಅನುಕೂಲ. 2018ರಲ್ಲಿ ಮಿಗೋಸ್ ತಂಡ 24 ಹಾಡುಗಳ ‘ಕಲ್ಚರ್ 2’ ತಂದಿತು, ಡ್ರೇಕ್ 25 ಹಾಡುಗಳ ‘ಸ್ಕಾರ್ಪಿಯನ್’ ತಂದರು. ಕೈಗೆ ಸಿಕ್ಕಿದ್ದನ್ನೆಲ್ಲ ತುಂಬುವ ಚಾಳಿ ಮಿಕ್ಸ್‌ಟೇಪ್‌ಗಳದ್ದು ಎಂದಿರಲ್ಲ, ಇವನ್ನು ಏನೆನ್ನುತ್ತೀರಿ?

ಹಳೆಯ ಮಿಕ್ಸ್‌ಟೇಪ್‌ಗಳು ಆ್ಯಪ್‌ಗೆ ಬಂದಾಗ ಆದದ್ದನ್ನೂ ಮಾತ್ರೆಗಣ ಅವರು ತಿಳಿದಿರುವುದು ಒಳ್ಳೆಯದು. ಚಾನ್ಸ್ ಅವರ 2013ರ ‘ಆ್ಯಸಿಡ್ ರ‍್ಯಾಪ್’ 2019ರಲ್ಲಿ ಸ್ಟ್ರೀಮಿಂಗ್‌ಗೆ ಬಂದಾಗ, ಸ್ಯಾಂಪಲ್‌ನ ಅನುಮತಿ ಸಿಗದ ‘ಜ್ಯೂಸ್’ ಹಾಡಿನ ಜಾಗದಲ್ಲಿ ಅರ್ಧ ನಿಮಿಷದ ಒಂದು ಸಂದೇಶವನ್ನು ಸೇರಿಸಬೇಕಾಯಿತು. ವೇಯ್ನ್ ಅವರ 2009ರ ‘ನೋ ಸೀಲಿಂಗ್ಸ್’ 2020ರಲ್ಲಿ ಬಂದದ್ದು ಹಲವು ಹಾಡುಗಳನ್ನು ಕಳೆದುಕೊಂಡು. ಆ್ಯಪ್‌ನಲ್ಲಿ ಕೇಳಿ ಮಿಕ್ಸ್‌ಟೇಪ್‌ಗಳ ಬಗ್ಗೆ ತೀರ್ಪು ಕೊಡುವವರು ಕೇಳುತ್ತಿರುವುದು ಅಂಗಹೀನವಾದ ಪ್ರತಿ.

ಉತ್ತರ: ಹತ್ತೇ ಹಾಡು

‘ಸ್ಕಾರ್ಪಿಯನ್’ ಅನ್ನು ಸಮರ್ಥಿಸಿಕೊಳ್ಳುವ ಹೊಣೆ ನನ್ನದಲ್ಲ. ಉದ್ದದ ಆಲ್ಬಮ್‌ಗಳು ಕೆಟ್ಟಿರುವುದು ನನ್ನ ವಾದಕ್ಕೆ ಪುಷ್ಟಿ ಕೊಡುತ್ತದೆಯೇ ವಿನಾ ಅದನ್ನು ಮುರಿಯುವುದಿಲ್ಲ. ಹಕ್ಕುಗಳ ಕಾಟ ಆಲ್ಬಮ್‌ಗಳನ್ನೂ ಬಿಟ್ಟಿಲ್ಲ ಎಂಬುದನ್ನು ಬೇಕಾದರೆ ನಾನೇ ಸೇರಿಸುತ್ತೇನೆ: ‘ದ ಕಾರ್ಟರ್ 3’ರಲ್ಲಿದ್ದ ‘ಪ್ಲೇಯಿಂಗ್ ವಿತ್ ಫೈರ್’ ರೋಲಿಂಗ್ ಸ್ಟೋನ್ಸ್ ತಂಡದ ಹಳೆಯ ಹಾಡನ್ನು ಹೋಲುತ್ತದೆಂದು ಅದರ ಹಕ್ಕುದಾರ ಸಂಸ್ಥೆ ದಾವೆ ಹೂಡಿದ ಮೇಲೆ, ಆಮೇಲಿನ ಪ್ರತಿಗಳಿಂದ ಆ ಹಾಡನ್ನು ತೆಗೆದುಹಾಕಲಾಯಿತು.

ಲೇಬಲ್‌ನ ಜಗಳದಲ್ಲಿ ಸಿಕ್ಕಿಕೊಂಡವರ ಮಟ್ಟಿಗೆ ಅಡ್ಡಪಲ್ಲವಿಯವರ ಮಾತನ್ನು ಒಪ್ಪುತ್ತೇನೆ. ಕ್ಲಿಪ್ಸ್ ಸಹೋದರರ ಎರಡನೆಯ ಆಲ್ಬಮ್ ಅನ್ನು ಜೈವ್ ಲೇಬಲ್ 2006ರ ನವೆಂಬರ್‌ವರೆಗೂ ಎಳೆದಾಡಿತು. ಆ ಕಾಯುವಿಕೆಯ ನಡುವೆ, 2005ರಲ್ಲಿ, ಅವರು ಎರವಲು ಬೀಟ್‌ಗಳ ಮೇಲೆ ಕಟ್ಟಿದ ‘ವಿ ಗಾಟ್ ಇಟ್ 4 ಚೀಪ್’ ಸರಣಿಯ ಎರಡನೆಯ ಭಾಗ ಇಲ್ಲದಿದ್ದರೆ ಅವರ ಹೆಸರೇ ಮಾಸುತ್ತಿತ್ತು. ಸಿಟ್ಟು ಅದರ ಪ್ರತಿ ಸಾಲಿನಲ್ಲೂ ಕೇಳಿಸುತ್ತದೆ. ಆದರೆ ಅದೇ ಸಿಟ್ಟು ನೆಪ್ಚೂನ್ಸ್ ಅವರ ಬೀಟ್‌ಗಳ ಜೊತೆ ಕಲೆತು ಪಾಕಕ್ಕೆ ಬಂದದ್ದು ಆಲ್ಬಮ್‌ನಲ್ಲಿ, ‘ಹೆಲ್ ಹ್ಯಾತ್ ನೋ ಫ್ಯೂರಿ’ಯಲ್ಲಿ.

ಉತ್ತರ: ನಿಧಾನಗತಿ

ಎರಡೂ ಕಡೆಯವರನ್ನು ಒಲಿಸಿಕೊಂಡ ಒಂದು ಕೃತಿ ಇದೆ: ಟೈಲರ್ ದ ಕ್ರಿಯೇಟರ್ ಅವರ 2021ರ ‘ಕಾಲ್ ಮಿ ಇಫ್ ಯು ಗೆಟ್ ಲಾಸ್ಟ್’. ಆಲ್ಬಮ್ ಆದರೂ ಅದರುದ್ದಕ್ಕೂ ಕೂಗಿ ಹುರಿದುಂಬಿಸುವವರು, 2007ರಲ್ಲಿ ಬಂಧನಕ್ಕೊಳಗಾದ ಅದೇ ಡಿಜೆ ಡ್ರಾಮಾ. 2022ರಲ್ಲಿ ಅದಕ್ಕೂ ಅತ್ಯುತ್ತಮ ರ‍್ಯಾಪ್ ಆಲ್ಬಮ್ ಗ್ರ್ಯಾಮಿ ಬಂತು.

ಹಣದ ಮಾತು ಬಂದದ್ದರಿಂದ ನಿಪ್ಸಿ ಹಸಲ್ ಅವರನ್ನೂ ನೆನೆಯಬೇಕು. 2013ರಲ್ಲಿ ‘ಕ್ರೆನ್‌ಶಾ’ ಮಿಕ್ಸ್‌ಟೇಪನ್ನು ಅಂತರ್ಜಾಲದಲ್ಲಿ ಪುಕ್ಕಟೆ ಬಿಟ್ಟು, ಅದರ ಸಾವಿರ ಪ್ರತಿಗಳನ್ನಷ್ಟೇ ತಲಾ 100 ಡಾಲರಿಗೆ ಮಾರಾಟಕ್ಕಿಟ್ಟರು. ಜೇ-ಝಡ್ ಒಬ್ಬರೇ ನೂರು ಪ್ರತಿ ಕೊಂಡರು. ಲೇಬಲ್‌ನ ಹಂಗಿಲ್ಲದೆ ಬದುಕಲು ಮಿಕ್ಸ್‌ಟೇಪ್‌ನಿಂದ ಸಾಧ್ಯವಿತ್ತು ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ನನಗೆ ತೋಚುತ್ತಿಲ್ಲ. ಅವರ ಮೊದಲ ಅಧಿಕೃತ ಆಲ್ಬಮ್ ಬಂದದ್ದು 2018ರಲ್ಲಿ. ಮರುವರ್ಷ ಅವರ ಹತ್ಯೆಯಾಯಿತು. ಆಲ್ಬಮ್‌ಗಳನ್ನಷ್ಟೇ ಎಣಿಸಿದರೆ ಅವರ ವೃತ್ತಿಜೀವನ ಒಂದು ಸಾಲಿಗೆ ಇಳಿಯುತ್ತದೆ.

ಪ್ರಶ್ನೆ ಕೇಳಿದವರಿಂದ: ಮಾತ್ರೆಗಣ

ಗೆಳೆಯರೊಡನೆ ಮಾತನಾಡಿ ಒಂದು ಬದಲಾವಣೆ ಮಾಡಿದ್ದೇವೆ. ಒಬ್ಬರಿಗೆ ಒಂದೇ ಕೃತಿ ಎಂಬ ನಿಯಮ ಹಾಗೆಯೇ ಇರುತ್ತದೆ, ಅದು ಆಲ್ಬಮ್ಮೇ ಆಗಿರಬೇಕೆಂಬ ಒಳನಿಯಮ ಹೋಗುತ್ತದೆ. ಡಿಜೆ ಸ್ಕ್ರೂ ಮತ್ತು ನಿಪ್ಸಿ ಹಸಲ್ ಹೊಸದಾಗಿ ಸೇರಿದ್ದಾರೆ. ವೇಯ್ನ್ ಅವರ ಸಾಲಿನಲ್ಲಿ ಸದ್ಯಕ್ಕೆ ‘ದ ಡ್ರೌಟ್ 3’ ಇದೆ. ಗೆಳೆಯರ ಪೈಕಿ ಇಬ್ಬರು ಇನ್ನೂ ಒಪ್ಪಿಲ್ಲ. ಅವರಿಗೆ ಮೊದಲು ‘ಮಿಸ್ಟರ್ ಜೋನ್ಸ್’, ಅದರ ಬೆನ್ನಿಗೇ ‘ಸ್ಕೈ ಈಸ್ ದ ಲಿಮಿಟ್’, ಕೊನೆಗೆ ‘ಎ ಮಿಲಿ’ ಕೇಳಿಸಿ ನೋಡುತ್ತೇನೆ.

ಉತ್ತರ: ಹತ್ತೇ ಹಾಡು

ಕೇಳಿಸಿ, ಆದರೆ ಎರಡನೆಯ ಡಿಸ್ಕ್ ಅನ್ನೂ ಪೂರ್ತಿ ಕೇಳಿಸಿದ ಮೇಲೆಯೇ ಮತ ಹಾಕಿಸಿ.